ಅಪ್‌ಡೇಟ್: ನನ್ನ ಕಾದಂಬರಿಯ ಗಂಡ ಹೆಂಡತಿ ಕೊನೆಗೂ ಬಾಯಿ ಬಿಟ್ಟರು

ಮಗನನ್ನು ಕಳೆದುಕೊಂಡ ದಂಪತಿ ಮತ್ತೆ ಹತ್ತಿರವಾಗುವ ಕಾದಂಬರಿ ಬರೆಯುತ್ತಿದ್ದೇನೆ, ಇಬ್ಬರೂ ಮಾತೇ ಆಡುತ್ತಿಲ್ಲ, ಏನು ಮಾಡಲಿ ಅಂತ ಕೇಳಿದ್ದೆ. ಜಾಸ್ತಿ ಜನ ಜಗಳ ಆಡಿಸಿ ಅಂದಿರಿ. ಆಡಿಸಿದೆ. ಪಕ್ಕಾ ಸೀರಿಯಲ್ ಆಯಿತು, ಹರಿದು ಹಾಕಿದೆ.

"ಸುಮ್ನೆ ಹೊರಗೆ ಕಳಿಸಿ" ಅಂದವರ ಮಾತು ಹಿಡಿಸಿತು. ಈಗ ಇಬ್ಬರೂ ದಾವಣಗೆರೆಯ ಕುಂದವಾಡ ಕೆರೆ ಸುತ್ತಿ ಬೆಣ್ಣೆ ದೋಸೆ ತಿನ್ನಲು ಹೋಗುತ್ತಾರೆ. ಅವನು ಅಭ್ಯಾಸಬಲದಿಂದ ಮೂರು ಹೇಳಿಬಿಡುತ್ತಾನೆ. ಮೂರನೇ ತಟ್ಟೆಯಲ್ಲಿ ಬೆಣ್ಣೆ ಕರಗಿ ಅಂಚಿಗೆ ಹರಿಯುತ್ತದೆ. ಬಿಳಿ ಆಲೂಗಡ್ಡೆ ಪಲ್ಯ ಆರುತ್ತದೆ. ಅವಳು ಒಂದು ತುಂಡು ಮುರಿದು, "ಅವನಿಗೆ ಚಟ್ನಿ ಖಾರ ಆಗ್ತಿತ್ತು ಅಲ್ವಾ ರೀ" ಅನ್ನುತ್ತಾಳೆ.

ಬರೆಯುವಾಗ ನನಗೇ ಗಂಟಲು ಕಟ್ಟಿತು. ನಮ್ಮನೆಯವಳು ಓದಿ, "ಸರಿ, ಬಿಲ್ ಕೊಟ್ಟವರು ಯಾರು?" ಅಂದಳು. ಅದನ್ನೂ ಸೇರಿಸಬೇಕು.