ಸೊಂಟದಲ್ಲಿ ಪಿಸ್ತೂಲು: ಗನ್‌ಸ್ಮಿತ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಟೆಕ್ಸಾಸ್ ಕನ್ನಡಿಗರಿಗೆ ನಮಸ್ಕಾರ. ಇವತ್ತಿನ ವಿಷಯ ಸ್ಟ್ರೈಕರ್ ಪಿಸ್ತೂಲು. ಹೊರಗೆ ಹ್ಯಾಮರ್ ಇರುವುದಿಲ್ಲ, ಹಿಂದೆ-ಮುಂದೆ ಸರಿಯುವ ಮೇಲ್ಭಾಗದ (ಸ್ಲೈಡ್) ಒಳಗಿನ ಸ್ಪ್ರಿಂಗ್ ಬಲದ ಸ್ಟ್ರೈಕರೇ ಗುಂಡಿಗೆ ಹೊಡೆಯುತ್ತದೆ. ಉತ್ತರಿಸುವವರು ಲೈಸೆನ್ಸ್ ಇರುವ ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿ ಮಾಡುವವರು. ಒಬ್ಬರಿಗೆ ಒಂದು ಪ್ರಶ್ನೆ.

ಹುಬ್ಬಳ್ಳಿ ಹುಡುಗ: ಸರ್, ಗ್ಲಾಕ್‌ಗೂ ಸಿಗ್ ಪಿ320ಗೂ ಒಳಗೆ ಏನು ವ್ಯತ್ಯಾಸ? ಎರಡೂ ಸ್ಟ್ರೈಕರ್ ತಾನೇ?

ಗನ್‌ಸ್ಮಿತ್: ಹೌದು, ಆದರೆ ಸ್ಪ್ರಿಂಗ್ ಎಷ್ಟು ಎಳೆದು ನಿಂತಿದೆ ಅನ್ನುವುದು ಬೇರೆ. ಗ್ಲಾಕ್‌ನಲ್ಲಿ ಸ್ಲೈಡ್ ಮುಂದೆ ಬಂದು ಕೂತಾಗ ಸ್ಪ್ರಿಂಗ್ ಅರ್ಧಂಬರ್ಧ ಎಳೆದಿರುತ್ತದೆ. ಉಳಿದದ್ದನ್ನು ನಿಮ್ಮ ಬೆರಳೇ ಎಳೆದು ಬಿಡಬೇಕು. ಪಿ320ಯಲ್ಲಿ ಹೆಚ್ಚುಕಡಿಮೆ ಪೂರ್ತಿ ಎಳೆದು ನಿಂತಿರುತ್ತದೆ. ಸ್ಪ್ರಿಂಗ್‌ಫೀಲ್ಡ್ ಎಕ್ಸ್‌ಡಿ, ವಾಲ್ಥರ್ ಪಿಪಿಕ್ಯೂ ಕೂಡ ಹಾಗೇ. ಅಲ್ಲಿ ಟ್ರಿಗರ್ ಕೆಲಸ ಸ್ಟ್ರೈಕರನ್ನು ಹಿಡಿದಿಡುವ ಕೊಂಡಿಯನ್ನು (ಸಿಯರ್) ಸರಿಸುವುದಷ್ಟೇ, ಅದಕ್ಕೇ ಒತ್ತಲು ಚೊಕ್ಕ ಅನಿಸುತ್ತದೆ. ಅಕಸ್ಮಾತ್ ಸಿಯರ್ ಜಾರಿದರೆ ಮುಖ್ಯವಾಗಿ ಸ್ಟ್ರೈಕರ್ ಬ್ಲಾಕ್, ಅಂದರೆ ಸ್ಟ್ರೈಕರ್‌ಗೆ ಅಡ್ಡ ನಿಲ್ಲುವ ತುಂಡು, ತಡೆಯಬೇಕು.

ಇನ್ನೊಂದು ಮಾತು ಎಲ್ಲರೂ ಓದಿ. ಗ್ಲಾಕ್‌ನಲ್ಲಿ ಮೂರು ಸೇಫ್ಟಿ ಇವೆ ಅಂತ ಧೈರ್ಯವಾಗಿ ಓಡಾಡುತ್ತೀರಲ್ಲ, ಆ ಮೂರು ಬೀಗಕ್ಕೂ ಕೀಲಿ ಒಂದೇ, ಟ್ರಿಗರ್. ಪಿಸ್ತೂಲು ಕೆಳಗೆ ಬಿದ್ದರೆ ಅವು ಕಾಯುತ್ತವೆ. ಜಾಕೆಟ್ ದಾರ ಸಿಕ್ಕಿ ಟ್ರಿಗರ್ ಒತ್ತಿಕೊಂಡರೆ ಮೂರೂ ತೆರೆಯುತ್ತವೆ.

ಆಸ್ಟಿನ್ ಅಣ್ಣ: ಚೇಂಬರ್ (ನಳಿಕೆಯಲ್ಲಿ ಗುಂಡು ಕೂರುವ ಗೂಡು) ಖಾಲಿ ಇಟ್ಟುಕೊಂಡರೆ ಸೇಫ್ ಅಲ್ವಾ ಸರ್?

ಗನ್‌ಸ್ಮಿತ್: ಸೇಫ್. ಆದರೆ ಬೇಕಾದಾಗ ಸ್ಲೈಡ್ ಎಳೆಯಲು ಎರಡೂ ಕೈ ಬೇಕು, ಸಮಯವೂ ಬೇಕು. ಹೊಸಬರು ಅಭ್ಯಾಸ ಆಗುವವರೆಗೆ ಹಾಗೇ ಇಟ್ಟುಕೊಳ್ಳಿ, ತಪ್ಪಿಲ್ಲ.

ಮಂಡ್ಯ ಮಗ: ಸ್ಮಿತ್ ಆಂಡ್ ವೆಸನ್ ಎಂ ಆಂಡ್ ಪಿ ಹೇಗೆ ಸರ್? ಬಿಚ್ಚುವಾಗ ಟ್ರಿಗರ್ ಒತ್ತಬೇಕಿಲ್ಲವಂತೆ?

ಫ್ರಿಸ್ಕೋ ಗೆಳೆಯ: ಸರ್, ಸ್ನೇಹಿತರಿಂದ ಹಳೇ ಪಿ320 ತಗೊಂಡೆ, 2016ರದ್ದು. ಟ್ರಿಗರ್ ದಪ್ಪಗಿದೆ. ಬಟ್ಟೆ ಹೋಲ್‌ಸ್ಟರ್‌ನಲ್ಲಿ ಹಾಕಿ ಹೊಟ್ಟೆಯ ಮುಂದೆ ಇಟ್ಟುಕೊಳ್ಳುತ್ತೇನೆ. ಮೊನ್ನೆ ಕೈಜಾರಿ ಬಿತ್ತು. ಖಾಲಿ ಇತ್ತು, ಏನೂ ಆಗಲಿಲ್ಲ. ಪರವಾಗಿಲ್ಲ ಅಲ್ವಾ?

ಗನ್‌ಸ್ಮಿತ್: ಪರವಾಗಿಲ್ಲ ಅನ್ನುವಂತಿಲ್ಲ. ಇವತ್ತಿನಿಂದಲೇ ಅದನ್ನು ಸೊಂಟಕ್ಕೆ ಕಟ್ಟಬೇಡಿ. ಮೊದಲು ಮ್ಯಾಗಜೀನ್ ತೆಗೆಯಿರಿ, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ಲಾಕ್ ಮಾಡಿ, ಚೇಂಬರ್ ಒಳಗೆ ಕಣ್ಣಿಂದ ನೋಡಿ, ಕಿರುಬೆರಳಿಟ್ಟೂ ನೋಡಿ. ಈ ಕ್ರಮ ತಿರುಗುಮುರುಗು ಆದರೆ ಚೇಂಬರ್‌ಗೆ ಇನ್ನೊಂದು ಗುಂಡು ಬಂದು ಕೂರುತ್ತದೆ.

ಕಾರಣ ಹೇಳುತ್ತೇನೆ. ಪಿ320 ಬಂದದ್ದು 2014ರಲ್ಲಿ. 2017ರ ಆಗಸ್ಟ್‌ನಲ್ಲಿ ಕೆಲವರು ಬೀಳಿಸಿ ಪರೀಕ್ಷೆ ಮಾಡಿದರು. ಸ್ಲೈಡಿನ ಹಿಂಭಾಗ ಒಂದು ಕೋನದಲ್ಲಿ ನೆಲಕ್ಕೆ ತಾಗಿದರೆ ಗುಂಡು ಹಾರಿತು. ಮಾಮೂಲಿ ಡ್ರಾಪ್ ಪರೀಕ್ಷೆಗಳಲ್ಲಿ ಅದೇ ಪಿಸ್ತೂಲು ಪಾಸಾಗಿತ್ತು. ಆ ಕೋನ ಅವುಗಳಲ್ಲಿ ಇರಲಿಲ್ಲ. ನೆಲಕ್ಕೆ ಬಡಿದಾಗ ಫ್ರೇಮ್ ಥಟ್ಟನೆ ನಿಲ್ಲುತ್ತದೆ, ದಪ್ಪ ಟ್ರಿಗರ್ ತನ್ನದೇ ತೂಕಕ್ಕೆ ಹಿಂದೆ ಸರಿಯುತ್ತದೆ. ಯಾರೂ ಮುಟ್ಟದೆಯೇ ಟ್ರಿಗರ್ ಒತ್ತಿದಂತೆ ಆಗುತ್ತದೆ. ಗ್ಲಾಕ್ ಟ್ರಿಗರ್ ಮಧ್ಯದ ಸಣ್ಣ ನಾಲಿಗೆ ಇದನ್ನೇ ತಡೆಯುವುದು. ಪಿ320ಯಲ್ಲಿ ಆ ನಾಲಿಗೆ ಇಲ್ಲ. ಅದೇ ತಿಂಗಳು ಸಿಗ್ ಕಂಪನಿ ಅಪ್‌ಗ್ರೇಡ್ ಘೋಷಿಸಿತು: ಹಗುರ ಟ್ರಿಗರ್, ಹಗುರ ಸಿಯರ್, ಹಗುರ ಸ್ಟ್ರೈಕರ್, ಜೊತೆಗೆ ಸ್ಲೈಡ್ ಪೂರ್ತಿ ಕೂರದೆ ಗುಂಡು ಹಾರದಂತೆ ತಡೆಯುವ ಒಂದು ಡಿಸ್ಕನೆಕ್ಟರ್. ನಿಮ್ಮದು ದಪ್ಪ ಟ್ರಿಗರ್ ಅಂದರೆ ಅಪ್‌ಗ್ರೇಡ್ ಆಗಿಲ್ಲ ಅಂತಲೇ ಇಟ್ಟುಕೊಳ್ಳಿ. ಸೀರಿಯಲ್ ನಂಬರ್ ಕೊಟ್ಟು ಕಂಪನಿಯನ್ನೇ ಕೇಳಿ. ಮೊನ್ನೆ ಬಿದ್ದ ಕೋನ ಬೇರೆ ಇದ್ದಿರಬಹುದು, ಅದನ್ನು ಪರೀಕ್ಷೆ ಅಂದುಕೊಳ್ಳಬೇಡಿ. ಮತ್ತೆ ಬೀಳಿಸಿ ನೋಡುವುದೂ ಬೇಡ.

ಬಟ್ಟೆ ಹೋಲ್‌ಸ್ಟರ್ ಕಸಕ್ಕೆ ಹಾಕಿ. ಹೊರಗಿಂದ ಒತ್ತಿದರೆ ಟ್ರಿಗರ್ ಕೈಗೆ ಸಿಗುತ್ತದೆ. ಟ್ರಿಗರ್ ಪೂರ್ತಿ ಮುಚ್ಚುವ, ಬಾಯಿ ಮಡಚದ ಗಟ್ಟಿ ಪ್ಲಾಸ್ಟಿಕ್ಕಿನ (ಕೈಡೆಕ್ಸ್) ಹೋಲ್‌ಸ್ಟರ್ ಬೇಕು. ಪಿಸ್ತೂಲನ್ನು ವಾಪಸ್ ಹಾಕುವಾಗ ಅಂಗಿ ಎತ್ತಿ, ಕಣ್ಣಿಟ್ಟು, ನಿಧಾನಕ್ಕೆ ಹಾಕಿ. ಆ ಕ್ಷಣದಲ್ಲಿ ಯಾವ ಅವಸರವೂ ಇರುವುದಿಲ್ಲ.

ಬೆಳಗಾವಿ ಬಾಯ್: ಪಿ320 ತಾನಾಗೇ ಹಾರುತ್ತೆ ಅಂತ ಎಲ್ಲರಿಗೂ ಗೊತ್ತು. ಗ್ಲಾಕ್ ತಗೊಳ್ಳಿ, ಮುಗೀತು.

ಕೇಟಿ ಕಾಕಾ: ಸುಮ್ನೆ ಹೇಳಬೇಡಿ. ಅಮೆರಿಕದ ಸೈನ್ಯವೇ 2017ರಲ್ಲಿ ಅದನ್ನು ಆರಿಸಿದೆ.

ಬೆಳಗಾವಿ ಬಾಯ್: 2025ರಲ್ಲಿ ಒಬ್ಬ ಸಿಬ್ಬಂದಿ ಗುಂಡು ತಗುಲಿ ಸತ್ತ ಮೇಲೆ ವಾಯುಪಡೆಯ ಒಂದು ವಿಭಾಗ ಅದನ್ನು ಬಳಸುವುದನ್ನೇ ನಿಲ್ಲಿಸಿತ್ತಲ್ಲ, ಕಾಕಾ ಪೇಪರ್ ಓದಲ್ವಾ?

ಕೇಟಿ ಕಾಕಾ: ಆಗಸ್ಟ್‌ನಲ್ಲಿ ಮತ್ತೆ ಶುರು ಮಾಡಿದ್ದನ್ನೂ ಓದಿದ್ದೇನೆ. ಆ ಸಾವಿನ ಪ್ರಕರಣದಲ್ಲಿ ಒಬ್ಬನನ್ನು ಬಂಧಿಸಿದ್ದನ್ನೂ ಓದಿದ್ದೇನೆ. ಅರ್ಧ ಸುದ್ದಿ ಹಿಡಿದು ಕುಣಿಯಬೇಡ.

ಗನ್‌ಸ್ಮಿತ್: ಇಬ್ಬರೂ ಸ್ವಲ್ಪ ನಿಲ್ಲಿಸಿ. ಪಿ320ಯ ಸೈನ್ಯದ ರೂಪಗಳಾದ ಎಂ17, ಎಂ18ರಲ್ಲಿ ಕೈಯಿಂದ ಹಾಕುವ ಸೇಫ್ಟಿ ಇದೆ, ಅಂಗಡಿಯ ಬಹುಪಾಲು ಪಿ320ಗಳಲ್ಲಿ ಇಲ್ಲ. ಟ್ರಿಗರ್ ಒತ್ತದೆ ಹಾರುವುದಿಲ್ಲ ಎಂಬುದು ಕಂಪನಿಯ ವಾದ. 2024ರಲ್ಲಿ ಫಿಲಡೆಲ್ಫಿಯಾದ ಜ್ಯೂರಿ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿದೆ. ಎರಡನ್ನೂ ತಿಳಿದು ತೀರ್ಮಾನ ಮಾಡಿ.

ಮೈಸೂರು ಮಲ್ಲಿಗೆ: ವಾಟ್ಸಾಪ್‌ನಲ್ಲಿ ಬಂದಿದ್ದು: "ಸ್ಟ್ರೈಕರ್ ತೂತಿಗೆ 4 ಹನಿ ಕೊಬ್ಬರಿ ಎಣ್ಣೆ, ಸಿಯರ್‌ಗೆ ಟೂತ್‌ಪೇಸ್ಟ್ ಹಾಕಿ ಉಜ್ಜಿ. ಟ್ರಿಗರ್ ಬೆಣ್ಣೆಯಂತಾಗುತ್ತದೆ." ಹೌದಾ ಸರ್?

ಗನ್‌ಸ್ಮಿತ್: ಮಾಡಬೇಡಿ! ಸ್ಟ್ರೈಕರ್ ಓಡಾಡುವ ಜಾಗ ಒಣಗಿರಬೇಕು. ಎಣ್ಣೆಗೆ ಮಸಿ, ಧೂಳು ಸೇರಿ ಅಂಟಾಗುತ್ತದೆ, ಸ್ಟ್ರೈಕರ್ ಬ್ಲಾಕ್ ಸಲೀಸಾಗಿ ಆಡದೇ ಹೋಗಬಹುದು. ಸಿಯರ್ ಅಂಚು ಸವೆದರೆ ಎಳೆದು ನಿಂತ ಸ್ಟ್ರೈಕರನ್ನು ಹಿಡಿದಿಡುವುದು ಯಾವುದು? ಇಂಥದ್ದನ್ನು ಫಾರ್ವರ್ಡ್ ಮಾಡುವವರು ಯಾರದೋ ತೊಡೆಗೆ ಗುಂಡು ಹಾಕಿಸುತ್ತಾರೆ. ಡಿಲೀಟ್ ಮಾಡಿ, ಕಳಿಸಿದವರಿಗೂ ಹೇಳಿ.

ಪ್ಲೇನೋ ಪುಟ್ಟಿ: ಅಣ್ಣಾ, ನಾನು ಎಚ್‌1ಬಿಯಲ್ಲಿ ಇದ್ದೇನೆ. ಯಜಮಾನರ ಹತ್ತಿರ ಗ್ರೀನ್ ಕಾರ್ಡ್ ಇದೆ. ಅವರ ಗ್ಲಾಕ್ ನನ್ನ ಬ್ಯಾಗ್‌ನಲ್ಲಿ ಇಟ್ಟುಕೊಳ್ಳಬಹುದಾ?

ಗನ್‌ಸ್ಮಿತ್: ಬೇಡಮ್ಮಾ. ನಿಮ್ಮಂಥ ವೀಸಾದವರು ಬಂದೂಕು, ಗುಂಡು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಇವೆ, ಅದನ್ನು ವಕೀಲರ ಬಾಯಲ್ಲಿ ಕೇಳಿ, ಗುಂಪಿನಲ್ಲಿ ಅಲ್ಲ.

ದಾವಣಗೆರೆ ಡ್ಯೂಡ್: ಚೇಂಬರ್ ಖಾಲಿ ಇಟ್ಟರೆ ಸೇಫಾ ಸರ್?

ಗನ್‌ಸ್ಮಿತ್: ಮೇಲೆ ಇದೆ.

ಕೊಡಗಿನ ಕುವರ: ಮಡಿಕೇರಿಯಲ್ಲಿ ಅಪ್ಪನಿಗೆ ಒಂದು ಗ್ಲಾಕ್ 19 ಕೊಡಿಸಬಹುದಾ?

ಕೇಟಿ ಕಾಕಾ: ಗ್ಲಾಕ್ 19ರದ್ದು 9 ಎಂಎಂ ಗುಂಡು. ಭಾರತದಲ್ಲಿ ಅದು ನಿಷೇಧಿತ ಬೋರ್ (ನಳಿಕೆಯ ಅಳತೆ). ಸಾಮಾನ್ಯ ಜನರಿಗೆ ಸಿಗಲ್ಲ.

ಬೆಳಗಾವಿ ಬಾಯ್: ಕಾಕಾಗೆ ಎಲ್ಲಾ ಗೊತ್ತು, ಪಿ320 ಒಂದು ಬಿಟ್ಟು.

ಅಡ್ಮಿನ್: ಇನ್ನೊಂದು ಸಲ ಹೀಗೆ ಬರೆದರೆ ತೆಗೆದುಹಾಕುತ್ತೇನೆ.

ತುಮಕೂರು ತಮ್ಮ: ಖಾಲಿ ಚೇಂಬರ್ ಬಗ್ಗೆ ಏನಂತೀರಿ ಸರ್?

ಗನ್‌ಸ್ಮಿತ್: ಮೂರನೇ ಸಲ. ಓದಿ.

ಮಂಡ್ಯ ಮಗ: ಸರ್, ಎಂ ಆಂಡ್ ಪಿ ಬಗ್ಗೆ ಕೇಳಿದ್ದೆ...

ಫ್ರಿಸ್ಕೋ ಗೆಳೆಯ: ಸರ್, ಟ್ರಿಗರ್ ಫೋಟೋ ಹಾಕಿದ್ದೇನೆ. ಅಂಗಡಿಗೆ ತರಲಾ?

ಗನ್‌ಸ್ಮಿತ್: ಹಳೇದೇ. ಶನಿವಾರ ತನ್ನಿ. ಖಾಲಿ ಮಾಡಿ ಡಬ್ಬಿಯಲ್ಲಿಡಿ, ಗುಂಡು ಬೇರೆ ಚೀಲದಲ್ಲಿ. ಸೊಂಟದಲ್ಲಿ ಕಟ್ಟಿಕೊಂಡು ಬಂದರೆ ಒಳಗೆ ಬಿಡುವುದಿಲ್ಲ.