ಎಸ್ಪ್ರೆಸೊ ಯಂತ್ರದಿಂದ ನೀರು ಸೋರುತ್ತಿದೆ: ಮನೆಯಲ್ಲೇ ಸರಿಪಡಿಸಬಹುದೇ?

ಪ್ರಶ್ನೆ (ಶಿರಸಿ):
ನಮ್ಮ ಯಂತ್ರಕ್ಕೆ ನಾಲ್ಕು ವರ್ಷವಾಗಿದೆ. ಒಂದು ವಾರದಿಂದ ಕಾಫಿ ಇಳಿಸುವಾಗ ಪುಡಿ ತುಂಬುವ ಹಿಡಿಕೆಯ ಅಂಚಿನಿಂದ ಕಂದು ನೀರು ಬಸಿಯುತ್ತದೆ; ಬೆಳಿಗ್ಗೆ ಎದ್ದು ನೋಡಿದರೆ ಯಂತ್ರದ ಹಿಂದೆ ಅಡುಗೆಕಟ್ಟೆಯ ಮೇಲೂ ಅಂಗೈಯಗಲ ನೀರು ನಿಂತಿರುತ್ತದೆ. ರಿಪೇರಿಯವರು ಹುಬ್ಬಳ್ಳಿಗೆ ತರಲು ಹೇಳುತ್ತಿದ್ದಾರೆ. ದಯವಿಟ್ಟು ದಾರಿ ತೋರಿಸಿ.

ಉತ್ತರ (ಕಾರವಾರ):
ಇವು ಎರಡು ಬೇರೆ ಬೇರೆ ಸೋರಿಕೆಗಳೆಂದು ನನಗನಿಸುತ್ತದೆ. ಹಿಡಿಕೆಯ ಅಂಚಿನದು ಬಹುಮಟ್ಟಿಗೆ ಗ್ರೂಪ್ ಹೆಡ್‌ನ (ಹಿಡಿಕೆ ಕೂರುವ ಭಾಗದ) ಗ್ಯಾಸ್ಕೆಟ್‌ನಿಂದಲೇ, ಅಂದರೆ ನೀರು ಸೋರದಂತೆ ತಡೆಯುವ ರಬ್ಬರು ಬಳೆಯಿಂದಲೇ, ಬರುತ್ತಿದೆ. ವರ್ಷಗಟ್ಟಲೆ ಬಿಸಿಗೆ ಸಿಕ್ಕಿ ಗಟ್ಟಿಯಾದ ರಬ್ಬರು ಸುಮಾರು 9 ಬಾರ್ ಒತ್ತಡವನ್ನು ತಡೆಯಲಾರದು. ಪ್ಲಗ್ ಕಿತ್ತು, ಯಂತ್ರ ಪೂರ್ತಿ ಆರಿದ ಮೇಲೆ ಗ್ಯಾಸ್ಕೆಟ್ಟನ್ನು ಉಗುರಿನಿಂದ ಒತ್ತಿ ನೋಡಿ. ಅದು ಕಲ್ಲಿನಂತಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು. ಹೊಸದನ್ನು ಕೂರಿಸುವ ಮುನ್ನ ಅದು ಕೂರುವ ತೋಡಿನಲ್ಲಿ ಅಂಟಿದ ಕಾಫಿಯ ಕರಿಯನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ದಪ್ಪ ಅಳೆದೇ ಕೊಳ್ಳಿರಿ, ಏಕೆಂದರೆ ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಹಿಡಿಕೆ ಬಿಗಿಯಾಗುವ ಜಾಗ ಬದಲಾಗುತ್ತದೆ.

ಉತ್ತರ (ಕುಮಟಾ):
ಹಿಂಬದಿಯ ನೀರಿಗೆ ಮೊದಲು ಟ್ಯಾಂಕನ್ನೇ ಪರೀಕ್ಷಿಸಿ. ಅದನ್ನು ತುಂಬಿಸಿ, ಒಣ ಪತ್ರಿಕೆಯ ಮೇಲೆ ರಾತ್ರಿಯಿಡೀ ಇಡಿ. ಟ್ಯಾಂಕಿನ ತಳದ ಕವಾಟದ ಕೆಳಗೆ ಕಾಗದ ನೆನೆದರೆ ಅಲ್ಲಿನ ಓ-ರಿಂಗ್ (ಸಣ್ಣ ರಬ್ಬರು ಉಂಗುರ) ಹೋಗಿದೆ. ಕಾಗದ ಒಣಗಿಯೇ ಇದ್ದರೆ ಒಳಗಿನ ಸಿಲಿಕೋನ್ ಪೈಪುಗಳ ಜೋಡಣೆಗಳನ್ನು ನೋಡಬೇಕು. ಸ್ಕ್ರೂಗಳು ತುಕ್ಕು ಹಿಡಿದಿರಬಹುದು, ಬಲವಂತ ಬೇಡ. ಕಾಫಿ ಇಳಿದ ಕೂಡಲೇ ಕೆಳಗಿನ ತಟ್ಟೆಗೆ ಬೀಳುವ ನೀರು ಮಾತ್ರ ಸೋರಿಕೆಯಲ್ಲ. ಅನೇಕ ಯಂತ್ರಗಳಲ್ಲಿ ಅದು ಒತ್ತಡ ಬಿಡುಗಡೆಯ ನೀರು.

ಪ್ರಶ್ನೆ ಕೇಳಿದವರು:
ಕವಾಟದ ಕೆಳಗೆ ರೂಪಾಯಿಯಗಲ ಕಾಗದ ನೆನೆದಿತ್ತು. ಓ-ರಿಂಗ್ ಮತ್ತು ಗ್ಯಾಸ್ಕೆಟ್ ಎರಡನ್ನೂ ತರಿಸುತ್ತಿದ್ದೇನೆ. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.