ಹಮ್ಮಿಂಗ್ ಬರ್ಡ್ ‘ಗುನುಗುವ ಹಕ್ಕಿ’ ಆಗುತ್ತದೆಯೇ? ಜೊತೆಗೆ ಸೂರಕ್ಕಿ, ಕುಲ, ಜಾತಿ

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಬ್ಯಾನರ್, ಶಾಲೆಯ ಚಾರ್ಟು ಎಲ್ಲ ಮಾಡುತ್ತೇನೆ. ಹೋದ ವಾರ ವಿಜ್ಞಾನದ ಮೇಷ್ಟ್ರೊಬ್ಬರು ಹಕ್ಕಿಗಳ ಚಾರ್ಟು ಮಾಡಿಸಲು ಬಂದರು. ಒಂದು ಚಿತ್ರ ಅಮೆರಿಕದ ಕೆಂಪು ಕೊರಳಿನ ಹಮ್ಮಿಂಗ್ ಬರ್ಡಿನದು. ಅದರ ಕೆಳಗೆ ‘ಗುನುಗುವ ಹಕ್ಕಿ’ ಎಂದು ಬರೆದಿತ್ತು. ನನಗೆ ಅಲ್ಲೇ ಕೈ ನಿಂತಿತು.

ನಮ್ಮಮ್ಮ ರೊಟ್ಟಿ ತಟ್ಟುವಾಗ ಗುನುಗುತ್ತಿದ್ದಳು. ಗುನುಗುವುದು ಅಂದರೆ ಬಾಯಿ ಮುಚ್ಚಿಕೊಂಡು ಗಂಟಲಲ್ಲೇ ಹಾಡಿಕೊಳ್ಳುವುದು ಅಲ್ವಾ? ಈ ಹಕ್ಕಿಯ ಸದ್ದು ಗಂಟಲಿನದಲ್ಲ, ರೆಕ್ಕೆಯದು. ಸೆಕೆಂಡಿಗೆ ಸುಮಾರು 50 ಸಲ ಬಡಿಯುವ ರೆಕ್ಕೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ ಸಾಕು, ನಮ್ಮಲ್ಲಿ ಸಾಲದು. ಕೆಲವರು ‘ಝೇಂಕಾರದ ಹಕ್ಕಿ’ ಎಂದು ಬರೆಯುತ್ತಾರೆ. ಅದು ವಾಸಿ, ಕೇಳಿದ ತಕ್ಷಣ ದುಂಬಿ ನೆನಪಾಗುತ್ತದೆ. ದುಂಬಿ ಮೊರೆಯುತ್ತದೆ ಎಂದೂ ಹೇಳುತ್ತೇವೆ, ಹಾಗಾಗಿ ‘ಮೊರೆವಕ್ಕಿ’ ಎಂದು ಒಂದು ಸಲ ಟೈಪ್ ಮಾಡಿ ನೋಡಿದೆ. ಆದರೆ ಕಡಲೂ ಮೊರೆಯುತ್ತದೆ. ಮೂರು ಗ್ರಾಂ ತೂಗುವ ಹಕ್ಕಿಗೆ ಅದು ಜಾಸ್ತಿಯಾಯಿತು ಅನ್ನಿಸಿ ಅಳಿಸಿದೆ.

ಮೇಷ್ಟ್ರು, “ಹಾಗಾದರೆ ಸೂರಕ್ಕಿ ಅಂತ ಹಾಕಿಬಿಡಿ, ಮಕ್ಕಳಿಗೆ ಗೊತ್ತಿರೋ ಹೆಸರು” ಅಂದರು. ನಾನು ಒಪ್ಪಲಿಲ್ಲ. ಸೂರಕ್ಕಿ ನಮ್ಮ ದಾಸವಾಳದ ಗಿಡಕ್ಕೇ ಬರುವ ಹಕ್ಕಿ. ನೋಡಲು ಇವೆರಡೂ ಒಂದೇ ತರಹ, ನಿಜ. ಚಿಕ್ಕ ಮೈ, ಉದ್ದ ಕೊಕ್ಕು, ಹೊಳೆಯುವ ಬಣ್ಣ. ಆದರೆ ಒಂದೇ ಕೆಲಸ, ಅಂದರೆ ಹೂವಿನ ರಸ ಕುಡಿಯುವ ಕೆಲಸ, ಮಾಡಿ ಮಾಡಿ ಹೀಗಾಗಿವೆ ಅಷ್ಟೆ. ಸಂಬಂಧ ಇಲ್ಲ. ಸೂರಕ್ಕಿ ಗುಬ್ಬಿ, ಕಾಗೆ ಇರುವ ಗಣದ್ದು. ಹಮ್ಮಿಂಗ್ ಬರ್ಡಿನ ನೆಂಟರು ಸ್ವಿಫ್ಟ್‌ಗಳು. ಚಿತ್ರದುರ್ಗದ ಕೋಟೆಯಲ್ಲಿ ಸಂಜೆ ಹೊತ್ತು ಕಿರಿಚಿಕೊಂಡು ಸುತ್ತು ಹೊಡೆಯುತ್ತವಲ್ಲ, ಅವೇ. ಎರಡನ್ನೂ ಎಪೋಡಿಫಾರ್ಮಿಸ್ ಎಂಬ ಗಣದಲ್ಲಿ ಇಟ್ಟಿದ್ದಾರೆ. ಗ್ರೀಕಿನಲ್ಲಿ ‘ಏಪೌಸ್’ ಅಂದರೆ ಕಾಲಿಲ್ಲದ್ದು. ಕಾಲು ಇವೆ, ಆದರೆ ಬಹಳ ಚಿಕ್ಕವು. ಹಮ್ಮಿಂಗ್ ಬರ್ಡುಗಳು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ, ಸೂರಕ್ಕಿಗಳು ಅಲ್ಲಿಲ್ಲ. ನಡುವೆ ಸಮುದ್ರ ಇಟ್ಟುಕೊಂಡು ಒಂದೇ ಹೆಸರಲ್ಲಿ ಕರೆಯುವುದು ಯಾಕೆ?

ಇಷ್ಟೆಲ್ಲ ವಾದ ಮಾಡಿದ ಮೇಲೆ ರಾತ್ರಿ ಒಂದು ವಿಷಯ ತಿಳಿದು ಸುಮ್ನಾದೆ. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನ್ನೇಯಸ್ 1758ರಲ್ಲಿ ತನಗೆ ಗೊತ್ತಿದ್ದ ಹಮ್ಮಿಂಗ್ ಬರ್ಡುಗಳನ್ನೆಲ್ಲ ‘ಟ್ರೋಕಿಲಸ್’ ಎಂಬ ಒಂದೇ ಕುಲಕ್ಕೆ, ಅಂದರೆ ಜೀನಸ್‌ಗೆ, ಸೇರಿಸಿದ. ಆ ಹೆಸರು ಎಲ್ಲಿಂದ ಬಂತು ಅಂದರೆ, ನೈಲ್ ನದಿಯಲ್ಲಿ ಮೊಸಳೆಯ ಬಾಯಿಗೆ ನುಗ್ಗಿ ಜಿಗಣೆ ಹೆಕ್ಕುತ್ತದೆ ಎಂದು ಹಳೇ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳಿದ ಹಕ್ಕಿಯದು! ಹಳೇ ಹಕ್ಕಿಯ ಹೆಸರು ಕಿತ್ತು ಹೊಸ ಹಕ್ಕಿಗೆ ಅಂಟಿಸಿದ್ದಾನೆ. ಮೇಷ್ಟ್ರಿಗೆ ಇದು ಗೊತ್ತಿದ್ದರೆ ಅವತ್ತು ನನ್ನ ಬಾಯಿ ಮುಚ್ಚಿಸುತ್ತಿದ್ದರು. ನಾನಾಗಿ ಹೇಳಿಲ್ಲ.

ಸೂರಕ್ಕಿಯ ಬಗ್ಗೆ ಇನ್ನೊಂದು ಪ್ರಶ್ನೆ. ಇಲ್ಲಿ ‘ಸೂರ’ ಅಂದರೆ ಸೂರ್ಯನೇ? ಅಥವಾ ಇದು ಮನೆಯ ಸೂರೇ? ಈ ಹಕ್ಕಿ ನಮ್ಮ ಜಗಲಿಯ ಸೂರಿನಡಿ, ಬಲ್ಬಿನ ವೈರಿಗೆ ಎರಡು ಸಲ ಗೂಡು ಕಟ್ಟಿದೆ. ಬೆಳ್ಳಕ್ಕಿಯಲ್ಲಿ ಹಕ್ಕಿಯ ಹಕಾರ ಬಿದ್ದುಹೋದಂತೆ, ಸೂರು ಮತ್ತು ಹಕ್ಕಿ ಸೇರಿ ಸೂರಕ್ಕಿ ಆಗಬಹುದಲ್ಲ? ನನ್ನ ಮನಸ್ಸು ಸೂರಿನ ಕಡೆಗೇ ಇದೆ. ನಿಮ್ಮ ಊರಲ್ಲಿ ಹಿರಿಯರು ಏನನ್ನುತ್ತಾರೆ, ದಯವಿಟ್ಟು ಕೇಳಿ ಹೇಳಿ.

ಇನ್ನು ವೈಜ್ಞಾನಿಕ ಹೆಸರು. ಕೆಂಪು ಕೊರಳಿನದಕ್ಕೆ ‘ಆರ್ಕಿಲೋಕಸ್ ಕೊಲುಬ್ರಿಸ್’ ಎನ್ನುತ್ತಾರೆ. ಮುಂದೆ ಕಂಸದಲ್ಲಿ ಲಿನ್ನೇಯಸ್, 1758. ಕಂಸ ಸುಮ್ನೆ ಅಲಂಕಾರಕ್ಕೆ ಇರಬೇಕು ಎಂದು ನಾನು ತೆಗೆದುಹಾಕಿದ್ದೆ. ದೊಡ್ಡ ತಪ್ಪು. ನಮ್ಮ ಕಡೆ ಬಡಿಗೇರ ಬಸವ್ವ ಅನ್ನುವಂತೆ ಇಲ್ಲೂ ಮನೆತನ ಮೊದಲು, ಹುಟ್ಟುಹೆಸರು ಆಮೇಲೆ. ಲಿನ್ನೇಯಸ್ ಇಟ್ಟದ್ದು ಟ್ರೋಕಿಲಸ್ ಕೊಲುಬ್ರಿಸ್. ಆಮೇಲೆ ಅದು ಬೇರೆ ಮನೆಗೆ ಹೋಯಿತು. ರೈಖೆನ್‌ಬಾಖ್ ಎಂಬವನು 1854ರಲ್ಲಿ ಗ್ರೀಕ್ ಕವಿಯೊಬ್ಬನ ಹೆಸರಲ್ಲಿ ಮಾಡಿದ ಆರ್ಕಿಲೋಕಸ್ ಕುಲ ಅದು. ಮನೆತನ ಬದಲಾಗಿದೆ, ಹುಟ್ಟುಹೆಸರು ಇಟ್ಟವನು ಮಾತ್ರ ಲಿನ್ನೇಯಸ್ಸೇ ಎಂದು ಹೇಳುವುದೇ ಆ ಕಂಸದ ಕೆಲಸ. ಜಮೈಕಾದ ‘ಟ್ರೋಕಿಲಸ್ ಪಾಲಿಟ್ಮಸ್’ ಇಂದಿಗೂ ತವರಲ್ಲೇ ಇದೆ, ಅದಕ್ಕೆ ಕಂಸ ಇಲ್ಲ.

ಇದನ್ನು ಕನ್ನಡ ಲಿಪಿಯಲ್ಲಿ ಹಾಕುವುದು ಹೇಗೆ? ಕುಲದ ಮೊದಲ ಅಕ್ಷರ ದೊಡ್ಡದು, ಪ್ರಭೇದದ್ದು, ಅಂದರೆ ಹುಟ್ಟುಹೆಸರಿನದು, ಚಿಕ್ಕದು ಎಂಬುದು ನಿಯಮ. ನಮ್ಮಲ್ಲಿ ದೊಡ್ಡಕ್ಷರವೇ ಇಲ್ಲ. ಇಟಾಲಿಕ್ ಮಾಡಿದರೆ ಒತ್ತಕ್ಷರಗಳು ಕುಡಿದವರ ಹಾಗೆ ವಾಲುತ್ತವೆ. ನಾನು ಬರೀ ಉದ್ಧರಣ ಚಿಹ್ನೆ ಹಾಕುತ್ತಿದ್ದೇನೆ.

ಕೊನೆಗೆ ಜಾತಿ. ಮೇಷ್ಟ್ರ ಹಾಳೆಯಲ್ಲಿ ‘ಜಾತಿ: ಆರ್ಕಿಲೋಕಸ್’ ಎಂದಿದೆ. ಆದರೆ ‘ಇದು ಯಾವ ಜಾತಿ ಹಕ್ಕಿ’ ಎಂದು ಜನ ಕೇಳಿದಾಗ ಅವರು ಕೇಳುವುದು ಪ್ರಭೇದವನ್ನು. ಅದಕ್ಕೇ ನಾನು ಕುಲ, ಪ್ರಭೇದ ಎಂದು ತಿದ್ದಿದೆ. ಅಂಗಡಿಯಲ್ಲಿ ಲಗ್ನಪತ್ರಿಕೆಗೆ ಕಾಯುತ್ತಿದ್ದ ಅಜ್ಜ ಒಬ್ಬರು, “ಕುಲ ಯಾಕಪ್ಪಾ, ಬೆಡಗು ಅನ್ನು” ಅಂದರು. ಮದುವೆ ಸಂಬಂಧ ನೋಡುವಾಗ ಕೇಳುವ ಬೆಡಗು, ಅಂದರೆ ವಂಶದ ಹೆಸರು. ಎಲ್ಲರೂ ನಕ್ಕರು. ನನಗೇನೋ ಅದು ಅಷ್ಟು ಕೆಟ್ಟ ಸಲಹೆ ಅನ್ನಿಸಲಿಲ್ಲ.

ಶನಿವಾರ ಚಾರ್ಟು ಮಷಿನ್‌ಗೆ ಹೋಗಬೇಕು. ಕಂಸ ವಾಪಸ್ ಹಾಕಿದ್ದೇನೆ. ಹಕ್ಕಿಯ ಕನ್ನಡ ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟಿದ್ದೇನೆ. ಶುಕ್ರವಾರದೊಳಗೆ ಒಳ್ಳೆಯದು ಸಿಗದಿದ್ದರೆ ‘ಹಮ್ಮಿಂಗ್ ಬರ್ಡ್’ ಎಂದೇ ಇರಲಿ ಎಂದು ಮೇಷ್ಟ್ರನ್ನು ಒಪ್ಪಿಸಿದ್ದಾಗಿದೆ.